ಗಣಕ: ಬಾಡಿಗೆಗೋ, ಖರೀದಿಗೋ?

1955ರಲ್ಲಿ ನೀವು ಅಮೆರಿಕದ ಒಂದು ವಿಮಾ ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಾಗಿದ್ದೀರಿ ಎಂದು ಊಹಿಸಿಕೊಳ್ಳಿ. ಕಚೇರಿಯ ಕೋಣೆ ತುಂಬ ಐ.ಬಿ.ಎಂ. ಯಂತ್ರಗಳಿವೆ. ಆದರೆ ಅವುಗಳಲ್ಲಿ ಒಂದೂ ನಿಮ್ಮದಲ್ಲ. ಕೈಯಲ್ಲಿ ಹಣವಿದ್ದರೂ ಕೊಳ್ಳುವಂತಿಲ್ಲ. ಲೆಕ್ಕದ ಯಂತ್ರವಾಗಲಿ ಗಣಕವಾಗಲಿ, ಕಂಪನಿ ಕೊಡುವುದು ತಿಂಗಳ ಬಾಡಿಗೆಗೆ ಮಾತ್ರ!

ಈ ಪದ್ಧತಿಗೆ ಆಗಲೇ ಅರ್ಧ ಶತಮಾನ ದಾಟಿತ್ತು. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ತಮ್ಮ ತೂತುಕಾರ್ಡಿನ ಯಂತ್ರಗಳನ್ನು ಬಾಡಿಗೆಗೇ ಕೊಟ್ಟಿದ್ದರು. ಅವರ ಉದ್ಯಮವೇ ಮುಂದೆ ಐ.ಬಿ.ಎಂ.ನ ಒಂದು ಬೇರಾಯಿತು. ಬಾಡಿಗೆಯ ಯಂತ್ರ ಹಳತಾದರೆ ಕಂಪನಿಗೇ ಮರಳುತ್ತದೆ. ಹೀಗಾಗಿ ಹಳೆಯ ಯಂತ್ರಗಳ ಮಾರುಕಟ್ಟೆ ಹುಟ್ಟಲು ಆಸ್ಪದವೇ ಇರಲಿಲ್ಲ. 1952ರಲ್ಲಿ ಸರ್ಕಾರ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. 1956ರ ಜನವರಿಯಲ್ಲಿ ಅದು ರಾಜಿ ತೀರ್ಪಿನಲ್ಲಿ ಮುಗಿಯಿತು. ಬಾಡಿಗೆಗೆ ಕೊಡುವ ಯಂತ್ರವನ್ನು ನ್ಯಾಯವಾದ ಬೆಲೆಗೆ ಮಾರಲೂ ಬೇಕು ಎಂಬುದು ಅದರ ಒಂದು ಮುಖ್ಯ ಷರತ್ತು.

ಗ್ರಾಹಕನ ಮುಂದೆ ಈಗ ಹೊಸದೊಂದು ಪ್ರಶ್ನೆ ಬಂದು ನಿಂತಿತು. ಬಿಡಿಸುವ ಗಣಿತ ಮಾತ್ರ ಹಳೆಯದು. ವರ್ತಕರು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದ ಬಡ್ಡಿ ಕೋಷ್ಟಕಗಳನ್ನು ಸೈಮನ್ ಸ್ಟೆವಿನ್ 1582ರಲ್ಲೇ ಅಚ್ಚು ಹಾಕಿಸಿದ್ದ. ಮುಂದೆ ಬರುವ ಹಣದ ಇಂದಿನ ಬೆಲೆ ಕಟ್ಟುವ ಈ ಲೆಕ್ಕವನ್ನು ಕಂಪನಿಗಳ ಬಂಡವಾಳ ನಿರ್ಧಾರಗಳಿಗೆ ಅನ್ವಯಿಸಿ ಜೋಯೆಲ್ ಡೀನ್ ಪುಸ್ತಕ ಬರೆದದ್ದು 1951ರಲ್ಲಿ.

ಒಂದು ಉದಾಹರಣೆ ನೋಡೋಣ. ಯಂತ್ರದ ಬೆಲೆ 1,00,000 ಎಂದಿರಲಿ, ವರ್ಷದ ಬಾಡಿಗೆ 24,000. ಬರಿದೆ ಭಾಗಿಸಿದರೆ, 4 ವರ್ಷ 2 ತಿಂಗಳಿಗಿಂತ ಹೆಚ್ಚು ಬಳಸುವುದಾದರೆ ಕೊಳ್ಳುವುದೇ ಲಾಭ. ಆದರೆ ಬಾಡಿಗೆಯನ್ನು ಇಂದೇ ಪೂರ್ತಿ ಕಟ್ಟುವುದಿಲ್ಲವಲ್ಲ! ಅಲ್ಲಿಯವರೆಗೆ ಆ ಹಣ ಶೇಕಡ 10ರಂತೆ ದುಡಿಯುತ್ತದೆ ಎನ್ನಿ. ಮೊದಲ ವರ್ಷದ ಕೊನೆಗೆ ಕೊಡುವ 24,000ದ ಇಂದಿನ ಮೌಲ್ಯ 21,818, ಐದನೆಯ ವರ್ಷದ್ದು ಕೇವಲ 14,902. ಐದು ವರ್ಷಗಳ ಮೊತ್ತ ಸುಮಾರು 90,980, ಆರಕ್ಕೆ 1,04,530. ಸಮಬಿಂದು 5 ವರ್ಷ 8 ತಿಂಗಳ ಹತ್ತಿರಕ್ಕೆ ಸರಿಯಿತು. (ದುರಸ್ತಿ, ತೆರಿಗೆ, ಯಂತ್ರದ ಮರುಮಾರಾಟದ ಬೆಲೆ ಇವನ್ನು ಇಲ್ಲಿ ಬಿಟ್ಟಿದ್ದೇನೆ. ನಿಜವಾದ ಲೆಕ್ಕದಲ್ಲಿ ಬಿಡುವಂತಿಲ್ಲ.)

ಬಡ್ಡಿ ದರ ಎಷ್ಟು ಹಿಡಿಯಬೇಕು ಎಂದು ಅರ್ಥಶಾಸ್ತ್ರಜ್ಞರು ಬಹಳ ಚರ್ಚಿಸಿದ್ದಾರೆ. ನನಗೆ ಕಾಣುವಂತೆ, ನಿಜವಾದ ತೊಡಕು ವರ್ಷಗಳ ಸಂಖ್ಯೆಯದು. ಯಂತ್ರ ಎಷ್ಟು ವರ್ಷ ಕೆಲಸಕ್ಕೆ ಬರುತ್ತದೆ ಎಂಬುದನ್ನು ಯಾವ ಕೋಷ್ಟಕವೂ ಹೇಳದು.

ಈ ಊಹೆಯ ಮೇಲೆಯೇ ಒಂದು ಉದ್ಯಮ ಎದ್ದಿತು. ಐ.ಬಿ.ಎಂ.ನಿಂದ ಯಂತ್ರ ಕೊಂಡು, ಐ.ಬಿ.ಎಂ.ಗಿಂತ ಕಡಿಮೆ ಬಾಡಿಗೆಗೆ ಬಿಡುವ ಉದ್ಯಮ! ಸಾಲ್ ಸ್ಟೈನ್‌ಬರ್ಗ್ ಎಂಬ ತರುಣ 1961ರಲ್ಲಿ ಆರಂಭಿಸಿದ ಲೀಸ್ಕೊ ಇವುಗಳಲ್ಲಿ ಹೆಸರಾದದ್ದು. 1964ರ ಏಪ್ರಿಲ್‌ನಲ್ಲಿ ಸಿಸ್ಟಮ್/360 ಪ್ರಕಟವಾದ ಮೇಲೆ ಇಂಥ ಕಂಪನಿಗಳು ಸಾಲ ಎತ್ತಿ ಯಂತ್ರಗಳನ್ನು ರಾಶಿ ರಾಶಿಯಾಗಿ ಕೊಂಡವು. ಐ.ಬಿ.ಎಂ. ತನ್ನ ಯಂತ್ರದ ಆಯುಷ್ಯವನ್ನು ಕಡಿಮೆಯಾಗಿ ಎಣಿಸುತ್ತಿತ್ತು. ಇವರು ಹತ್ತು ವರ್ಷದವರೆಗೂ ಹಿಡಿದರು. ಕಾಗದದ ಮೇಲೆ ಲಾಭ ಚೆನ್ನಾಗಿ ಕಂಡಿತು. 1970ರ ಜೂನ್‌ನಲ್ಲಿ ಸಿಸ್ಟಮ್/370 ಬಂತು. 1965ರಲ್ಲಿ ಕೈಸೇರಿದ ಯಂತ್ರಕ್ಕೆ ಆಗ ಐದೇ ವರ್ಷ. ಅದು ಕೆಟ್ಟಿರಲಿಲ್ಲ, ಬೆಲೆ ಮಾತ್ರ ಕುಸಿಯಿತು. ಹಲವು ಕಂಪನಿಗಳು ನಷ್ಟಕ್ಕಿಳಿದವು. ಸ್ಟೈನ್‌ಬರ್ಗ್ ಜಾಣ; 1968ರಲ್ಲೇ ರಿಲಯನ್ಸ್ ಎಂಬ ದೊಡ್ಡ ವಿಮಾ ಕಂಪನಿಯನ್ನು ವಶಪಡಿಸಿಕೊಂಡಿದ್ದ.

ನಮ್ಮ ದೇಶದಲ್ಲಿ ಗ್ರಾಹಕನ ಸ್ಥಿತಿ ಇದಕ್ಕೆ ತಿರುಗುಮುರುಗು. 1959ರ ಮಾದರಿಯಾದ 1401 ಇಲ್ಲಿ 1970ರ ದಶಕದಲ್ಲೂ ಬಾಡಿಗೆಗೆ ದುಡಿಯುತ್ತಿತ್ತು. ಮೇಲಿನ ಉದಾಹರಣೆಯನ್ನೇ ಹತ್ತು ವರ್ಷಕ್ಕೆ ಎಳೆದು ನೋಡಿ: ಬಾಡಿಗೆಯ ಇಂದಿನ ಮೌಲ್ಯ ಸುಮಾರು 1,47,470, ಬೆಲೆಯ ಒಂದೂವರೆ ಪಟ್ಟು. ವಿದೇಶಿ ಪಾಲು ಇಳಿಸಬೇಕೆಂಬ ಕಾನೂನಿಗೆ ಒಪ್ಪದೆ ಐ.ಬಿ.ಎಂ. 1978ರಲ್ಲಿ ಭಾರತದಿಂದ ಹೊರನಡೆಯಿತು. ಇಲ್ಲಿ ಉಳಿದ ಅದರ ಯಂತ್ರಗಳ ದುರಸ್ತಿಯ ಹೊಣೆ ಸರ್ಕಾರಿ ಸಂಸ್ಥೆಯಾದ ಸಿ.ಎಂ.ಸಿ.ಯ ಪಾಲಿಗೆ ಬಂತು.