ಲಾನ್ನಾ: ಥಾಯ್ಲೆಂಡಿನ ಉತ್ತರದ ನೀರು, ಅನ್ನ, ಉಡುಗೆ

ಥಾಯ್ಲೆಂಡಿನ ಉತ್ತರ ಭಾಗದ ಬೆಟ್ಟ ಕಣಿವೆಗಳ ಊಟ, ಉಡುಗೆ, ಮಾತು, ಆಚರಣೆಗಳು ಬ್ಯಾಂಕಾಕ್ ಸುತ್ತಲಿನ ಬಯಲು ಸೀಮೆಯವುಗಳಿಗಿಂತ ಬೇರೆಯಾಗಿರುವುದಕ್ಕೆ ಹವಾಮಾನವೊಂದೇ ಕಾರಣವಲ್ಲ. ಆ ನಾಡು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಲಾನ್ನಾ ಎಂಬ ಪ್ರತ್ಯೇಕ ರಾಜ್ಯಪರಂಪರೆಗೆ ಸೇರಿತ್ತು. 1262ರಲ್ಲಿ ಚಿಯಾಂಗ್ ರಾಯ್ ನಗರವನ್ನೂ 1296ರಲ್ಲಿ ಚಿಯಾಂಗ್ ಮಾಯ್ ನಗರವನ್ನೂ ಕಟ್ಟಿಸಿದ ಮಂಗ್‌ರಾಯ್ ಅರಸನಿಂದ ನೆಲೆಗೊಂಡ ಈ ರಾಜ್ಯವು 1558ರಲ್ಲಿ ಬರ್ಮಾದ ವಶವಾಗಿ, ಎರಡು ಶತಮಾನಗಳಿಗೂ ಮೀರಿದ ಆ ಹಿಡಿತದಿಂದ ಸಯಾಮಿನ ಸೇನೆಯ ನೆರವಿನಿಂದ ಬಿಡಿಸಿಕೊಂಡು, ಸಯಾಮಿಗೆ ಕಪ್ಪ ಒಪ್ಪಿಸುವ ಸಾಮಂತ ನಾಡಾಯಿತು. ಯುದ್ಧಗಳಿಂದ ಪಾಳುಬಿದ್ದಿದ್ದ ಚಿಯಾಂಗ್ ಮಾಯ್‌ಗೆ 1796ರಲ್ಲಿ ಮರಳಿದ ಕಾವಿಲ ಅರಸನು ಉತ್ತರದ ಗಡಿಯಾಚೆಯಿಂದ ತಾಯ್ ಕುಲದ ಜನರನ್ನು, ಬಹುಪಾಲು ಬಲವಂತದಿಂದಲೇ, ತಂದು ನೆಲೆಗೊಳಿಸಿದನು. ಇಂದು ಹೆಮ್ಮೆಯಿಂದ ತೋರಿಸಲಾಗುವ ಅಲ್ಲಿನ ಕುಶಲಕಲೆಗಳ ಹಿಂದೆ ಹೀಗೆ ಊರು ಬಿಡಿಸಲ್ಪಟ್ಟವರ ಕೈಗಳೂ ಇವೆ ಎಂಬುದನ್ನು ಮರೆಯಲಾಗದು.

ಉತ್ತರದ ಬದುಕಿನ ತಿರುಳನ್ನು ಅರಮನೆಗಿಂತ ಹೆಚ್ಚಾಗಿ ಹೊಳೆಯ ಒಡ್ಡುಗಳಲ್ಲಿ ಹುಡುಕಬೇಕು. ಹೊಳೆಯ ತಳಕ್ಕೆ ಬಿದಿರು ಮತ್ತು ಮರದ ಗೂಟಗಳನ್ನು ಸಾಲುಸಾಲಾಗಿ ಬಡಿದು, ನಡುವೆ ಕಲ್ಲು, ಮರಳು, ಸೊಪ್ಪುಸದೆ ತುಂಬಿ ಕಟ್ಟುವ ಒಡ್ಡಿಗೆ 'ಫಾಯ್' ಎಂದೂ, ಅದರಿಂದ ಗದ್ದೆಗಳಿಗೆ ನೀರೊಯ್ಯುವ ಕಾಲುವೆಗೆ 'ಮುವಾಂಗ್' ಎಂದೂ ಹೆಸರು. ಮಳೆಗಾಲದ ನೆರೆಗೆ ಗೂಟಗಳು ಕಿತ್ತುಹೋಗುತ್ತಿದ್ದುದರಿಂದ ದುರಸ್ತಿ ವರ್ಷವರ್ಷವೂ ತಪ್ಪದ ಕೆಲಸವಾಗಿತ್ತು. ಯಾರು ಎಷ್ಟು ಗೂಟ ತರಬೇಕು, ಎಷ್ಟು ದಿನ ದುಡಿಯಬೇಕು ಎಂಬುದು ಅವರವರ ಗದ್ದೆಯ ವಿಸ್ತಾರವನ್ನು ಅನುಸರಿಸುತ್ತಿತ್ತು, ಮತ್ತು ರೈತರೇ ಆರಿಸಿದ 'ಕೇ ಫಾಯ್', ಅಂದರೆ ಒಡ್ಡಿನ ಮುಖ್ಯಸ್ಥ, ಅದರ ಲೆಕ್ಕವಿಡುತ್ತಿದ್ದನು. ಮಂಗ್‌ರಾಯನ ಹೆಸರಿನಲ್ಲಿ ಉಳಿದುಬಂದಿರುವ ಧರ್ಮಶಾಸ್ತ್ರ 'ಮಂಗ್‌ರಾಯಸಾತ್' ನೀರು ಕದಿಯುವವರಿಗೂ ಒಡ್ಡು ಒಡೆಯುವವರಿಗೂ ದಂಡ ವಿಧಿಸುತ್ತದೆ. ಬೌದ್ಧರಾದ ಈ ರೈತರು ಒಡ್ಡನ್ನು ಕಾಯುವ ದೈವಕ್ಕೂ ಬಲಿ ಕೊಡುತ್ತಿದ್ದರು; ಒಂದು ನಂಬಿಕೆ ಇನ್ನೊಂದನ್ನು ಹೊರದೂಡಲಿಲ್ಲ.

ಆ ನೀರಿನಲ್ಲಿ ಬೆಳೆದದ್ದು ಮುಖ್ಯವಾಗಿ ಅಂಟಕ್ಕಿ. ಬಯಲು ಸೀಮೆಯವರು ಉದುರುದುರಾದ ಅನ್ನ ಉಂಡರೆ, ಉತ್ತರದವರು, ಲಾವೋಸ್ ಮತ್ತು ಈಶಾನ್ಯದ ಜನರಂತೆಯೇ, ಅಕ್ಕಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಬೆಯಲ್ಲಿ ಬೇಯಿಸಿ, ಹೆಣೆದ ಬುಟ್ಟಿಯಲ್ಲಿ ತುಂಬಿಡುತ್ತಾರೆ. ಬೆರಳುಗಳಿಂದ ಉಂಡೆ ಕಟ್ಟಿ, ಮೆಣಸಿನ ಚಟ್ನಿಯಂಥ 'ನಾಮ್ ಫ್ರಿಕ್'ನಲ್ಲಿ ಅದ್ದಿ ತಿನ್ನುತ್ತಾರೆ. 'ಖನ್ ತೋಕ್' ಎಂಬ ಗುಂಡನೆಯ ಗಿಡ್ಡ ಮಣೆಯ ಸುತ್ತ ನೆಲದ ಮೇಲೆ ಕುಳಿತು ಉಣ್ಣುವುದು ಹಳೆಯ ರೂಢಿಯೇ ಆದರೂ, ಪ್ರವಾಸಿಗರು ಕಾಣುವ ನೃತ್ಯಸಹಿತ ಔತಣವು 1950ರ ದಶಕದ ಈಚಿನದು.

ಬ್ರಿಟಿಷ್ ಕಂಪನಿಗಳು ಉತ್ತರದ ತೇಗದ ಕಾಡುಗಳಿಗೆ ಕೈಹಾಕಿದ ಮೇಲೆ, ಸಯಾಮಿನ ದೊರೆ ಚುಲಾಲಾಂಗ್‌ಕಾರ್ನ್ ಆ ಸಾಮಂತ ನಾಡನ್ನು ಹಂತಹಂತವಾಗಿ ನೇರ ಆಡಳಿತಕ್ಕೆ ತಂದನು. 1886ರಲ್ಲಿ ಅವನ ಅಂತಃಪುರ ಸೇರಿದ ಚಿಯಾಂಗ್ ಮಾಯ್‌ನ ರಾಜಕುಮಾರಿ ದಾರಾ ರಸ್ಮಿ, ಅಲ್ಲಿನ ಸ್ತ್ರೀಯರು ಕೂದಲು ಕತ್ತರಿಸಿಕೊಂಡು ಕಚ್ಚೆ ಹಾಕಿ ಉಡುತ್ತಿದ್ದಾಗ, ತನ್ನ ಪರಿವಾರದೊಂದಿಗೆ ಉದ್ದ ಕೂದಲಿನ ತುರುಬನ್ನೂ ಅಡ್ಡಪಟ್ಟೆಗಳ 'ಸಿನ್' ಲಂಗವನ್ನೂ ಬಿಡಲಿಲ್ಲ. ಅರಮನೆಯವರು ಇವರನ್ನು ಕೀಳಾಗಿ 'ಲಾವೋ' ಎಂದು ಕರೆಯುತ್ತಿದ್ದ ಆ ಕಾಲದಲ್ಲಿ ಅದು ಬರಿಯ ಅಲಂಕಾರವಾಗಿರಲಿಲ್ಲ.

1902ರ ಸಂಘ ಕಾಯ್ದೆ ಭಿಕ್ಷುಗಳನ್ನು ಬ್ಯಾಂಕಾಕಿನ ಅಧೀನಕ್ಕೆ ತಂದಿತು. ಶಾಲೆಗಳಲ್ಲಿ ಮಧ್ಯ ಥಾಯ್ ನೆಲೆಯೂರಿದಂತೆ ಲಾನ್ನಾ ಲಿಪಿ ವಿಹಾರಗಳ ತಾಳೆಗರಿಗಳಲ್ಲಿ ಉಳಿಯಿತು. ಅನುಮತಿಯಿಲ್ಲದೆ ದೀಕ್ಷೆ ಕೊಟ್ಟನೆಂದು ಮತ್ತೆ ಮತ್ತೆ ಬಂಧನಕ್ಕೊಳಗಾದ ಭಿಕ್ಷು ಖ್ರೂಬಾ ಶ್ರೀವಿಚಾಯ್ ಕರೆಕೊಟ್ಟಾಗ ಸಾವಿರಾರು ಜನ ಕೂಲಿಯಿಲ್ಲದೆ ದುಡಿದು, 1935ರಲ್ಲಿ ದೋಯ್ ಸುಥೇಪ್ ಬೆಟ್ಟದ ದೇಗುಲಕ್ಕೆ ರಸ್ತೆ ಕಡಿದು ಮುಗಿಸಿದರು. ಒಡ್ಡು ಕಟ್ಟುವ ಊರುಗಳಿಗೆ ಇಂಥ ಕೂಡುದುಡಿಮೆ ಹೊಸದಾಗಿರಲಿಲ್ಲ. ಚಿಯಾಂಗ್ ಮಾಯ್‌ನ ಕೊನೆಯ ಅರಸ ಕೇವ್ ನವರತ್ 1939ರಲ್ಲಿ ತೀರಿಕೊಂಡಾಗ ಆ ಪೀಠಕ್ಕೆ ಉತ್ತರಾಧಿಕಾರಿ ನೇಮಕವಾಗಲಿಲ್ಲ. ರೈತರೇ ಕಟ್ಟಿ ನಡೆಸುವ ನೀರಾವರಿಗಾಗಿ ಥಾಯ್ ಸರ್ಕಾರ ಪ್ರತ್ಯೇಕ ಕಾಯ್ದೆ ತಂದದ್ದೂ ಅದೇ ವರ್ಷ.