ಸುರಪುರ ಸಂಸ್ಥಾನವೂ ಮೆಡೋಸ್ ಟೇಲರ್ ಸಾಹೇಬನೂ

ಲೋಕದ ಇತಿಹಾಸವೆಂದೊಡನೆ ನಮ್ಮವರ ಕಣ್ಣಿನ ಮುಂದೆ ದೂರದೇಶದ ಚಕ್ರವರ್ತಿಗಳೂ ಸಮುದ್ರದಾಚೆಯ ಯುದ್ಧಗಳೂ ಬಂದು ನಿಲ್ಲುವವು. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಈ ಕಲ್ಲುಗುಡ್ಡಗಳ ನಾಡಿಗೆ ಆ ಇತಿಹಾಸವು ತಾನಾಗಿಯೇ ನಡೆದು ಬಂದಿರುವುದನ್ನು ಸದ್ಭಕ್ತರಾದ ವಾಚಕರು ಅಷ್ಟಾಗಿ ಮನಸ್ಸಿಗೆ ತಂದುಕೊಂಡಂತಿಲ್ಲ. ದಿಲ್ಲಿಯ ಬಾದಶಹನಾದ ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆಯು ನಮ್ಮ ವಾಗಣಗೇರಾ ಕೋಟೆಯದು. ಕ್ರಿ. ಶ. 1705ರಲ್ಲಿ, ಎಂಬತ್ತಾರು ವರುಷಗಳು ದಾಟಿದ ಆ ವೃದ್ಧನು ಅಪಾರ ಸೇನೆಯೊಡನೆ ಬಂದು, ಬೇಡರ ಪಿಡ್ಡನಾಯಕನ ಆ ಚಿಕ್ಕ ಗುಡ್ಡದ ಮುಂದೆ ಸುಮಾರು ಮೂರು ತಿಂಗಳು ಕುಳಿತನು. ಕಡೆಗೆ ಕೋಟೆಯೇನೋ ಕೈಸೇರಿತು, ನಾಯಕನು ಸೇರಲಿಲ್ಲ. ಬಳಿಕ ಹತ್ತಿರದ ದೇವಾಪುರದಲ್ಲಿ ಪಾಳೆಯ ಬಿಟ್ಟಿದ್ದಾಗ ಬಾದಶಹನು ಕಾಯಿಲೆ ಬಿದ್ದು, ಅಲ್ಲಿಂದ ಹಿಂದಿರುಗಿದವನು 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ಈ ಕಥೆಯನ್ನು ಬಲ್ಲವರು ಅನೇಕರಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ನಾವು ಹೇಳಬೇಕೆಂದಿರುವುದು ಅದೇ ನಾಯಕರ ವಂಶದ ಒಬ್ಬ ಬಾಲರಾಜನ ಹಾಗೂ ಅವನನ್ನು ಸಾಕಿದ ಒಬ್ಬ ಆಂಗ್ಲನ ವೃತ್ತಾಂತವನ್ನು.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿದನು. ಹದಿನೈದು ವರುಷದ ಹುಡುಗನಾಗಿದ್ದಾಗಲೇ, 1824ರಲ್ಲಿ, ಮುಂಬಯಿಯ ಒಬ್ಬ ವರ್ತಕನ ಅಂಗಡಿಯಲ್ಲಿ ಕೆಲಸಕ್ಕಿರಲೆಂದು ಹಡಗು ಹತ್ತಿ ಬಂದನು. ಆ ಅಂಗಡಿಯು ಹೇಳಿದಷ್ಟು ಗಟ್ಟಿಯಾದುದಾಗಿರಲಿಲ್ಲ. ಅದೇ ವರುಷ ಅವನು ಹೈದರಾಬಾದಿನ ನಿಜಾಮನ ಸೈನ್ಯಕ್ಕೆ ಸೇರಿಕೊಂಡನು. ಕುಂಪಣಿಯ ಚಾಕರನಾಗದೆ ನಿಜಾಮನ ಚಾಕರನಾದುದರಿಂದ ಅವನಿಗೆ ದೊಡ್ಡ ಪದವಿಗಳು ಬೇಗ ದೊರೆಯಲಿಲ್ಲ. ಆದರೆ ದೇಶಭಾಷೆಗಳೂ ಜನರ ನಡೆನುಡಿಗಳೂ ಚೆನ್ನಾಗಿ ದೊರೆತವು. ಠಗರ ವಿಷಯವಾಗಿ ಅವನು ಬರೆದ ಕಾದಂಬರಿಯು 1839ರಲ್ಲಿ ಅಚ್ಚಾಗಿ ಆಂಗ್ಲರಲ್ಲಿ ಬಹಳ ಹೆಸರಾಯಿತು.

ಇಂಥವನನ್ನು 1841ರಲ್ಲಿ ಸುರಪುರಕ್ಕೆ ಕಳುಹಿಸಲಾಯಿತು. ರಾಜಾ ಕೃಷ್ಣಪ್ಪನಾಯಕರು ಕಾಲವಾಗಿದ್ದರು. ಮಗನಾದ ವೆಂಕಟಪ್ಪನಾಯಕನು ಏಳೆಂಟು ವರುಷದ ಕೂಸು. ರಾಣಿ ಈಶ್ವರಮ್ಮನವರೊಂದು ಪಕ್ಷ, ತೀರಿಹೋದ ರಾಜರ ತಮ್ಮ ಪಿಡ್ಡನಾಯಕರದೊಂದು ಪಕ್ಷ. ಸಂಸ್ಥಾನದ ಮೇಲೆ ಬಾಕಿಯ ಭಾರ ಬೇರೆ. ಟೇಲರನು ಕೋಟೆಯ ಮೇಲೆ ತೋಪು ಹಾರಿಸದೆ ಮಾತಿನಿಂದಲೇ ಬೇಡರನ್ನು ಒಲಿಸಿಕೊಂಡು, ಬಾಲಕನನ್ನು ಗಾದಿಯ ಮೇಲೆ ಕೂಡಿಸಿ, ಮುಂದೆ 1853ರ ವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಬೋನಾಳದ ದೊಡ್ಡ ಕೆರೆಯನ್ನು ಅವನು ಸುಧಾರಿಸಿದನು. ಇಂದು ಅದು ಪಕ್ಷಿಧಾಮವಾಗಿ ಪ್ರಸಿದ್ಧವಾಗಿದೆ. ಜನರು ಅವನನ್ನು ‘ಮಹಾದೇವ ಬಾಬಾ’ ಎಂದು ಕರೆಯುತ್ತಿದ್ದರಂತೆ. ಈ ಸಂಗತಿಯನ್ನು ಅವನೇ ಬರೆದುಕೊಂಡಿರುವನಾದ್ದರಿಂದ ತುಸು ತೂಗಿ ನೋಡಿ ಸ್ವೀಕರಿಸತಕ್ಕದ್ದು.

ಅವನ ಇನ್ನೊಂದು ಕೆಲಸವನ್ನು ಮಾತ್ರ ತೂಗಬೇಕಾದುದಿಲ್ಲ. ರಾಜನಕೋಳೂರಿನ ಬಯಲಿನಲ್ಲಿ ನಾಲ್ಕು ಕಡೆಗೆ ಬಂಡೆ ನಿಲ್ಲಿಸಿ ಮೇಲೊಂದು ಬಂಡೆ ಹೊದಿಸಿದ ಕಲ್ಲುಮನೆಗಳಿವೆ. ನಮ್ಮ ಹಿರಿಯರು ಅವುಗಳನ್ನು ಮೋರ್ಯರ ಮನೆಗಳೆಂದು, ಕುಳ್ಳರಾದ ಜನರು ವಾಸವಾಗಿದ್ದ ಗುಡಿಸಲುಗಳೆಂದು ಹೇಳುತ್ತಿದ್ದರು. ಪಾಠಶಾಲೆಯ ಹುಡುಗರಾದ ನಾವೂ ಅದನ್ನೇ ನಂಬಿ ಅವುಗಳೊಳಗೆ ತಲೆಹಾಕಿ ನೋಡಿದವರು. ಟೇಲರನು ಅವುಗಳನ್ನು ಕಂಡು ಬೆರಗಾದನು. ಇಂಥವೇ ಕಲ್ಲುಮನೆಗಳು ಐರ್ಲೆಂಡಿನಲ್ಲಿಯೂ ಫ್ರಾನ್ಸಿನ ಬ್ರಿಟನಿಯಲ್ಲಿಯೂ ಇದ್ದವಲ್ಲ! ಅವನು ಜೇವರ್ಗಿಯ ಬಳಿ ಇಂಥ ಸಮಾಧಿಗಳನ್ನು ಅಗೆಯಿಸಿ, ಎಲುಬುಗಳೂ ಮಡಕೆಗಳೂ ಯಾವ ಯಾವ ಕ್ರಮದಲ್ಲಿ ಸಿಕ್ಕವೆಂಬುದನ್ನು ಚಿತ್ರಸಹಿತವಾಗಿ ಬರೆದಿಟ್ಟನು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ನೂರಾರು ಗುಂಡುಗಳು ಸಾಲುಸಾಲಾಗಿ, ಚದುರಂಗದ ಮನೆಗಳಂತೆ ಸಮದೂರದಲ್ಲಿ ಹಾಸಿರುವುದನ್ನೂ ವಿವರಿಸಿದನು. 1862ರಲ್ಲಿ ಐರ್ಲೆಂಡಿನ ವಿದ್ವತ್ಸಭೆಯ ಮುಂದೆ ಈ ಸಂಗತಿಗಳನ್ನು ಓದಿದನು. ಎರಡೂ ದೇಶಗಳಲ್ಲಿ ಇವುಗಳನ್ನು ಕಟ್ಟಿದವರು ಒಂದೇ ಕುಲದವರಿರಬೇಕೆಂಬ ಅವನ ಊಹೆಯನ್ನು ಈಗಿನ ಪಂಡಿತರು ಒಪ್ಪುವುದಿಲ್ಲ. ನಮ್ಮ ಕಡೆಯ ಸಮಾಧಿಗಳು ಬಹುತೇಕ ಕಬ್ಬಿಣದ ಕಾಲದವು, ಯುರೋಪದವು ಅದಕ್ಕಿಂತ ಬಹಳ ಹಳೆಯವು. ಊಹೆ ಬಿದ್ದುಹೋದರೂ ಕಂಡುದನ್ನು ಕಂಡಂತೆ ಅಳೆದು ಬರೆದ ಅವನ ಲೆಕ್ಕಗಳು ಬಿದ್ದುಹೋಗಿಲ್ಲ.

ಇನ್ನು ರಾಜನ ಕಥೆ. 1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪನಾಯಕನಿಗೆ ರಾಜ್ಯವನ್ನೊಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು. 1857ರ ಮಹಾದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿತು. ಸುರಪುರದಲ್ಲಿ ಅರಬರೂ ರೋಹಿಲರೂ ಸೇರತೊಡಗಿದರು. ರಾಜನನ್ನು ತಿಳಿಯಹೇಳಲು ಕ್ಯಾಪ್ಟನ್ ಕ್ಯಾಂಬೆಲ್ ಎಂಬವನನ್ನು ಕಳುಹಿಸಿದರು, ಫಲವಾಗಲಿಲ್ಲ. 1858ರ ಫೆಬ್ರುವರಿಯಲ್ಲಿ ಒಂದು ರಾತ್ರಿ ಬೇಡಪಡೆಯು ಆಂಗ್ಲರ ದಂಡಿನ ಮೇಲೆ ಬಿದ್ದಿತು. ಆ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹಾಗೂ ಸ್ಟೂವರ್ಟ್ ಎಂಬ ಅಧಿಕಾರಿಗಳು ಮಡಿದರು. ಕರ್ನಲ್ ಮಾಲ್ಕಮನ ದೊಡ್ಡ ಸೈನ್ಯವು ಸಮೀಪಿಸಲು, ರಾಜನು ಕೆಲವೇ ಸವಾರರೊಡನೆ ಹೈದರಾಬಾದಿನ ಹಾದಿ ಹಿಡಿದು, ಅಲ್ಲಿ ಸೆರೆಸಿಕ್ಕಿದನು.

ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ಚಿಕ್ಕಂದಿನಿಂದ ‘ಅಪ್ಪಾ’ ಎಂದು ಕರೆದವನನ್ನು ಅಪ್ಪಿಕೊಂಡು ರಾಜನು ಅತ್ತನಂತೆ. ಯಾರ ಪ್ರೇರಣೆಯಿಂದ ದಂಗೆಯೆದ್ದೆ, ಹೆಸರು ಹೇಳು ಎಂದರೆ ಮಾತ್ರ ಹೇಳಲೊಲ್ಲನು. ಕಳ್ಳನಂತೆ ನೇಣಿಗೆ ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಿರಿ. ಸೆರೆಯಲ್ಲಿ ಬದುಕುವುದು ಸಾಮಾನ್ಯ ಬೇಡನಿಗೂ ಸಾಧ್ಯವಿಲ್ಲ, ನಾನಂತೂ ರಾಜನು ಎಂದು ಬೇಡಿಕೊಂಡನು. ಸಾಕಿದವನ ಮುಂದೆಯೂ ತನ್ನ ಜೊತೆಗಾರರ ಹೆಸರನ್ನು ಬಿಟ್ಟುಕೊಡದ ಈ ಇಪ್ಪತ್ತಮೂರು ವರುಷದ ತರುಣನನ್ನು ಟೇಲರನು ದುಡುಕಿನವನೆಂದೂ ದುರ್ಜನರ ಮಾತಿಗೆ ಮರುಳಾದವನೆಂದೂ ಬರೆಯುತ್ತಾನೆ. ಅವನ ಕಣ್ಣೀರು ನಿಜವಾದುದೇ ಇರಬಹುದು. ಆದರೆ ಮಗನಂತೆ ಸಾಕಿದವನೂ ಅವನೇ, ಮಗನ ಶತ್ರುಗಳ ಅನ್ನ ಉಂಡವನೂ ಅವನೇ. ರಾಜನು ತಾನು ಬರೆದ ಪುಸ್ತಕವಾವುದೂ ಇಲ್ಲ. ಅವನನ್ನು ನಾವು ಈ ಸಾಹೇಬನ ಕಣ್ಣಿನಿಂದಲೇ ನೋಡಬೇಕಾಗಿದೆ. ದುರ್ಬಲನೆಂದು ತೋರಿಸಲು ಬರೆದ ಆ ಪುಟದಲ್ಲಿಯೇ ಅವನ ಎದೆಗಾರಿಕೆಯು ಎದ್ದು ಕಾಣುತ್ತದೆಂದು ನನಗೆ ತೋರುತ್ತದೆ.

ಮರಣದಂಡನೆಯು ಮೊದಲು ಗಡಿಪಾರಾಗಿ, ಆಮೇಲೆ ನಾಲ್ಕು ವರುಷದ ಸೆರೆಯಾಗಿ ಇಳಿಯಿತು. ಮದರಾಸಿನ ಕಡೆಯ ಚೆಂಗಲ್ಪಟ್ಟಿನ ಹತ್ತಿರದ ಕೋಟೆಗೆ ಕರೆದೊಯ್ಯುವುದೆಂದಾಯಿತು. ಈ ರಾಜನು ಇಪ್ಪತ್ತನಾಲ್ಕನೆಯ ವರುಷವನ್ನು ದಾಟಲಾರನೆಂದು ಅವನ ಜಾತಕದಲ್ಲಿ ಬರೆದಿದ್ದಿತೆಂದೂ, ಅದು ಬಲ್ಲ ಕೆಲವರು ಬಹಳ ಹಿಂದೆಯೇ ತನಗೆ ಗುಟ್ಟಾಗಿ ತಿಳಿಸಿದ್ದರೆಂದೂ ಟೇಲರನು ಹೇಳುತ್ತಾನೆ. ಶಿಕ್ಷೆ ಇಳಿದ ಸುದ್ದಿ ಬಂದಾಗ ಜಾತಕವು ಸುಳ್ಳಾಯಿತೆಂದು ಅವನು ಹಿಗ್ಗಿದನು. ಅಷ್ಟರೊಳಗೆ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯು ಡೇರೆಯಲ್ಲಿ ಬಿಚ್ಚಿಟ್ಟು ಹೊರಗೆ ಹೋಗಿದ್ದ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾಗಿದ್ದನು. ಅದು 1858ರ ಮೇ ತಿಂಗಳು.

ಸುರಪುರವನ್ನು ಕುಂಪಣಿಯ ಪಕ್ಷವನ್ನು ಬಿಡದೆ ನಿಂತುದಕ್ಕೆ ಬಹುಮಾನವಾಗಿ 1860ರಲ್ಲಿ ನಿಜಾಮನಿಗೆ ಕೊಟ್ಟರು. ದೇಹಸ್ಥಿತಿ ಕೆಟ್ಟು ಅದೇ ವರುಷ ಸ್ವದೇಶಕ್ಕೆ ಮರಳಿದ ಟೇಲರನು 1876ರಲ್ಲಿ ಫ್ರಾನ್ಸಿನ ಮೆಂತೋನ್ ಎಂಬಲ್ಲಿ ತೀರಿಕೊಂಡನು. ಅವನ ಆತ್ಮಕಥೆಯು ಮರುವರುಷ ಅಚ್ಚಾಯಿತು. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯನ್ನು ಸುರಪುರದವರು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.