ಗೇರೆಣ್ಣೆ ಕುಡಿದ ಮರ

ನೆಲ್ಯಾಡಿ ಕಡೆಯ ಹಳೆಮನೆಗಳ ಮುಚ್ಚಿಗೆ ನೋಡಿದವರು ಅದರ ಕಪ್ಪನ್ನು ಹೊಗೆಯದ್ದೆಂದು ತಿಳಿಯುತ್ತಾರೆ. ಅಡುಗೆಮನೆಯ ಮಟ್ಟಿಗೆ ಅದು ಸರಿ. ಚಾವಡಿಯ ಕಪ್ಪು ಗೇರೆಣ್ಣೆಯದ್ದು. ಮರದ ಕೆಲಸದವರ ಮನೆಯಲ್ಲಿ ಹುಟ್ಟಿದ ನನಗೆ ಎರಡರ ವ್ಯತ್ಯಾಸ ಮುಟ್ಟಿದರೇ ತಿಳಿಯುತ್ತದೆ: ಹೊಗೆಯ ಮಸಿ ಬೆರಳಿಗೆ ಹತ್ತುತ್ತದೆ, ಗೇರೆಣ್ಣೆ ಹತ್ತುವುದಿಲ್ಲ.

ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ಬದಲಾದವು. ಹಂಚಿಗೆ ಅಳತೆಯ ಪಕ್ಕಾಸು, ರೀಪು ಬೇಕು. ಕೊಯ್ದ ಮರಕ್ಕೆ ಕುಟ್ಟೆ, ಒರಲೆಗಳ ಕಾಟ. ಮದ್ದು ಗುಡ್ಡದಲ್ಲೇ ಇತ್ತು. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಗೇರು ಅಷ್ಟರಲ್ಲಿ ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಬೇರೂರಿತ್ತು. ಬೀಜದ ಸಿಪ್ಪೆಯೊಳಗಿನ ಎಣ್ಣೆ ಹಸಿಯಾಗಿ ತಾಗಿದರೆ ಚರ್ಮ ಸುಡುತ್ತದೆ. ಬೀಜ ಒಡೆಯುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಂಡೇ ಕೂರುತ್ತಿದ್ದರು. ಕಾರ್ಖಾನೆಗಳಲ್ಲಿ ಬೀಜವನ್ನು ಸುಮಾರು 200 ಡಿಗ್ರಿ ಕಾದ ಅದೇ ಎಣ್ಣೆಯಲ್ಲಿ ಹುರಿಯುವಾಗ ಸಿಪ್ಪೆ ಬಿರಿದು ಇನ್ನಷ್ಟು ಎಣ್ಣೆ ಹೊರಬರುತ್ತದೆ. ಆ ಕಾವಿಗೆ ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಮರಕ್ಕೆ ಬಳಿಯಲು ಒಳ್ಳೆಯದು ಈ ಕಾದ ಎಣ್ಣೆಯೇ.

ಎಣ್ಣೆ ಒಣಗುವುದೆಂದರೆ ಬಟ್ಟೆ ಒಣಗಿದ ಹಾಗಲ್ಲ. ಬಟ್ಟೆಯಿಂದ ನೀರು ಹೋಗುತ್ತದೆ. ಎಣ್ಣೆಗೆ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ. ಅಗಸೆ ಎಣ್ಣೆಯ ತೆಳುಪದರ ಒಣಗುತ್ತಾ ತೂಕ ಹೆಚ್ಚಿಸಿಕೊಳ್ಳುವುದು ಇದಕ್ಕೇ. ಅಣುಗಳ ಉದ್ದ ಬಾಲಗಳಲ್ಲಿ ಜೋಡಿ ಬಂಧಗಳಿರುವ ಕಡೆ ಆಮ್ಲಜನಕ ಹಿಡಿದು, ಒಂದು ಅಣು ಇನ್ನೊಂದಕ್ಕೆ ಹೆಣೆದುಕೊಂಡು ಬಲೆಯಾಗುತ್ತದೆ. ಗೇರೆಣ್ಣೆಯ ಅಣುವಿಗೆ 15 ಇಂಗಾಲದ ಬಾಲ. ಅದರಲ್ಲಿ ಮೂರರವರೆಗೂ ಜೋಡಿ ಬಂಧ. ಕಡಲ ಕರೆಯಲ್ಲಿ ದೋಣಿಗೆ ಬಳಿಯುತ್ತಿದ್ದ ಬೂತಾಯಿ ಮೀನಿನ ಎಣ್ಣೆಯೂ ಇದೇ ಗುಣದ್ದು. ತೆಂಗಿನೆಣ್ಣೆಯಲ್ಲಿ ಜೋಡಿ ಬಂಧ ತೀರಾ ಕಡಿಮೆ, ಹಾಗಾಗಿ ಎಷ್ಟು ದಿನವಿಟ್ಟರೂ ಅದು ಪದರಗಟ್ಟುವುದಿಲ್ಲ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಕಲಸಲು ಅದೇ ಬೇಕು. ಬೆಳಗಿನವರೆಗೆ ಕುಣಿಯುವವನ ಮುಖದ ಮೇಲೆ ಬಣ್ಣ ಗಟ್ಟಿಯಾದರೆ ಹೇಗೆ? ಯಾವ ಎಣ್ಣೆ ಎಲ್ಲಿಗೆ ಎಂಬ ಈ ವಿವೇಕ ರಸಾಯನಶಾಸ್ತ್ರದ ಪುಸ್ತಕ ನೋಡಿ ಬಂದದ್ದಲ್ಲ. ನನಗೆ ಅದರ ಮೇಲೆ ಅಪಾರ ಗೌರವ.

ಎಣ್ಣೆ ಬಳಿಯುವ ಕೆಲಸ ದೀಪಾವಳಿ ಕಳೆದ ಮೇಲೆ, ಬಿಸಿಲು ನಿಂತಾಗ. ಘಟ್ಟದ ಬುಡದ ನಮ್ಮ ಆಟಿ ಮಳೆಯಲ್ಲಿ ಬಳಿದರೆ ವಾರಗಟ್ಟಲೆ ಅಂಟು ಆರುವುದಿಲ್ಲ. ದಪ್ಪ ಬಳಿಯುವುದೂ ಕೂಡದು: ಮೇಲಿನ ಪದರ ಮೊದಲು ಗಟ್ಟಿಯಾಗಿ ಗಾಳಿಯನ್ನು ತಡೆಯುತ್ತದೆ, ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಮೈಯೆಲ್ಲ ಸುಕ್ಕು. ಬಟ್ಟೆಯಲ್ಲಿ ಒರೆಸಿದ ಹಾಗೆ ತೆಳ್ಳಗೆ ಒಂದು ಕೈ, ಅದು ಪೂರ್ತಿ ಆರಿದ ಮೇಲೆ ಇನ್ನೊಂದು ಕೈ.

ಜಪಾನಿನ ಉರುಶಿ ಅರಗು ಗೇರಿನ ಕುಟುಂಬದ್ದೇ ಮರದ ಹಾಲು. ನಮ್ಮ ಕಾಡಿನ ಚೇರೆಯೂ ಆ ಕುಟುಂಬದ್ದು. ಅದರ ಸೊನೆ ತಾಗಿ ಮೈ ಊದಿಸಿಕೊಂಡವರು ಇಲ್ಲಿ ಬೇಕಾದಷ್ಟಿದ್ದಾರೆ. ಆದರೆ ಉರುಶಿಯನ್ನು ಒಣಗಿಸುವುದು ತೇವದ ಪೆಟ್ಟಿಗೆಯಲ್ಲಿ. ಅದರ ಹಾಲಿನಲ್ಲಿ ಲಾಕೇಸ್ ಎಂಬ ಕಿಣ್ವವಿದೆ, ಅದು ಕೆಲಸ ಮಾಡಲು ತೇವ ಬೇಕು. ಹುರಿದು ತೆಗೆದ ನಮ್ಮ ಎಣ್ಣೆಯಲ್ಲಿ ಅಂಥ ಕಿಣ್ವ ಉಳಿದಿರುವುದಿಲ್ಲ. ಬಿಸಿಲು, ಗಾಳಿಗಳೇ ಗತಿ.

ಡಬ್ಬಿಯ ಪೇಂಟು, ವಾರ್ನಿಶ್ ಬಂದ ಮೇಲೆ ಮನೆಗಳಲ್ಲಿ ಗೇರೆಣ್ಣೆ ಕೇಳುವವರು ಕಡಿಮೆಯಾದರು. ಕಾರ್ಖಾನೆಯ ಎಣ್ಣೆ ಮಾತ್ರ ರಾಳವಾಗಿ, ಪೇಂಟಾಗಿ, ವಾಹನಗಳ ಬ್ರೇಕ್ ಲೈನಿಂಗಿಗೆ ಸೇರುವ ಪುಡಿಯಾಗಿ ಹೋಗುತ್ತಿದೆ. ಗಟ್ಟಿಯಾದ ಗೇರೆಣ್ಣೆ ಕಾವಿಗೂ ಉಜ್ಜಾಟಕ್ಕೂ ತಡೆಯುತ್ತದೆ. ಶಿರಾಡಿ ಘಾಟಿ ಇಳಿದು ನೆಲ್ಯಾಡಿ ಪೇಟೆ ಹಾಯುವ ಲಾರಿಗಳ ಬ್ರೇಕಿನಲ್ಲಿ ಅದು ಈಗಲೂ ದುಡಿಯುತ್ತಿರಬಹುದು.